ಕಡಲಹುಲ್ಲು ಕಾಡಿಗಿಂತ 35 ಪಟ್ಟು ಕಾರ್ಬನ್ ಹಿಡಿಯುತ್ತಾ? ಹಾಗಿದ್ರೆ ಕಾಗಿಣಾ ನದಿಯಲ್ಲಿ ಯಾಕೆ ನೆಡಬಾರದು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಸಮುದ್ರದ ತಳದಲ್ಲಿ ಬೆಳೆಯುವ ಹುಲ್ಲು ಉಷ್ಣವಲಯದ ಕಾಡಿಗಿಂತ 35 ಪಟ್ಟು ವೇಗವಾಗಿ ಕಾರ್ಬನ್ ಹಿಡಿದಿಡುತ್ತದೆ ಅಂತ ಓದಿದೆ. ನಮ್ಮ ಮಕ್ಕಳು ವಿಜ್ಞಾನ ಮೇಳಕ್ಕೆ ಅದನ್ನೇ ಪೋಸ್ಟರ್ ಮಾಡಿದರು. ಆಗ ಒಬ್ಬ ಹುಡುಗ ಕೇಳಿದ: "ಹಂಗಾದ್ರ ನಮ್ಮ ಕಾಗಿಣಾ ನದ್ಯಾಗ, ಕೆರ್‍ಯಾಗ ಅದನ್ನೇ ಯಾಕ ಹಚ್ಚಬಾರ್ದು ಸರ್? ಈ ಬಿಸಿಲಾಗ ಗಿಡ ಹಚ್ಚೋದು ದಂಡ ಅಲ್ಲೇನ್ರಿ?" ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆ 35 ಪಟ್ಟು ನಿಜವೇ? ಮಕ್ಕಳಿಗೆ ಏನು ಹೇಳಲಿ?

ಉತ್ತರ:

ಸರ್, ನಮಸ್ಕಾರ. ಮೊದಲು ಆ ಹುಡುಗನಿಗೆ ನನ್ನ ಶಭಾಸ್ ಹೇಳಿ. ಪೋಸ್ಟರ್ ಓದಿ ತಲೆಯಾಡಿಸೋರೇ ಜಾಸ್ತಿ, ಅವನು ಮುಂದಿನ ಪ್ರಶ್ನೆ ಕೇಳಿದ್ದಾನೆ.

ನೇರ ಉತ್ತರ ಮೊದಲೇ ಹೇಳಿಬಿಡ್ತೀನಿ. 35 ಪಟ್ಟು ಅನ್ನೋದು ಯಾರೋ ಕಟ್ಟಿದ ಕಥೆಯಲ್ಲ, ಆದರೆ ಅರ್ಧಕ್ಕೇ ನಿಲ್ಲಿಸಿದ ಮಾತು. ಕಾಗಿಣಾದಲ್ಲಿ ಕಡಲಹುಲ್ಲು ಬದುಕೋದಿಲ್ಲ. ಬದುಕುವ ಹಾಗಿದ್ದರೂ ಅಲ್ಲಿ ನೆಟ್ಟರೆ ಅದೇ ಲಾಭ ಸಿಗೋದಿಲ್ಲ, ಅದಕ್ಕೊಂದು ರಾಸಾಯನಿಕ ಕಾರಣ ಇದೆ. ಬಿಸಿಲಿನಲ್ಲಿ ಗಿಡ ಹಚ್ಚೋದು ದಂಡವೇ ಅಂದ್ರೆ, ಖಂಡಿತ ಅಲ್ಲ. ಇನ್ನು ಒಂದೊಂದಾಗಿ ಬಿಡಿಸಿ ಬರೀತೀನಿ. ನಾನು ಹುಟ್ಟಿ ಬೆಳೆದದ್ದು ಕಲಬುರಗಿಯಲ್ಲೇ, ಕೆಲಸ ಮಾತ್ರ ಸಮುದ್ರದ ಕೆಸರಿನ ಮೇಲೆ, ಹಾಗಾಗಿ ಎರಡೂ ಕಡೆಯ ಮಣ್ಣಿನ ಮಾತು ಬರುತ್ತೆ.

ಆ ಸಂಖ್ಯೆ ಎಲ್ಲಿಂದ ಬಂತು ನೋಡಿ. 2011ರಲ್ಲಿ ಕೆಲವು ವಿಜ್ಞಾನಿಗಳು ಸೇರಿ ಅಲ್ಲಿಯವರೆಗೆ ಆಗಿದ್ದ ಅಳತೆಗಳನ್ನೆಲ್ಲ ಒಟ್ಟು ಮಾಡಿ ಒಂದು ಪ್ರಬಂಧ ಬರೆದರು. ಮ್ಯಾಂಗ್ರೋವ್ ಕಾಡು, ಉಪ್ಪು ಜವುಗು, ಕಡಲಹುಲ್ಲು, ಈ ಮೂರರ ಕೆಳಗಿನ ಕೆಸರಿನಲ್ಲಿ ವರ್ಷಕ್ಕೆ ಎಷ್ಟು ಕಾರ್ಬನ್ ಹೂತುಹೋಗುತ್ತೆ ಅನ್ನೋದು ಪ್ರಶ್ನೆ. ಕಡಲಹುಲ್ಲಿಗೆ ಬಂದ ಸರಾಸರಿ, ಚದರ ಮೀಟರಿಗೆ ವರ್ಷಕ್ಕೆ 138 ಗ್ರಾಂ. ಪಕ್ಕದಲ್ಲಿ ಹೋಲಿಕೆಗೆ ಅಂತ ಉಷ್ಣವಲಯದ ಕಾಡಿನ ಅಂಕಿ ಇಟ್ಟಿದ್ದರು, ಅದು 4 ಗ್ರಾಂ. 138ನ್ನು 4ರಿಂದ ಭಾಗಿಸಿದರೆ ಸುಮಾರು 35. ಅಷ್ಟೇ.

ಆದರೆ ಆ 4 ಗ್ರಾಂ ಕಾಡಿನ ಮಣ್ಣಿನ ಲೆಕ್ಕ ಮಾತ್ರ! ಕಾಡು ತಾನು ಹಿಡಿದ ಕಾರ್ಬನ್‌ನ ದೊಡ್ಡ ಪಾಲನ್ನು ಕಾಂಡದಲ್ಲಿ, ಕೊಂಬೆಯಲ್ಲಿ, ಬೇರಿನಲ್ಲಿ ಇಟ್ಟುಕೊಳ್ಳುತ್ತೆ. ದಟ್ಟ ಮಳೆಕಾಡಿನಲ್ಲಿ ಬರೀ ಮರಗಳ ಒಳಗೇ ಹೆಕ್ಟೇರಿಗೆ ನೂರು ಟನ್‌ಗಿಂತ ಹೆಚ್ಚು ಇರುತ್ತೆ. ಅದನ್ನೆಲ್ಲ ಬದಿಗಿಟ್ಟು, ಬುಡದ ಮಣ್ಣಿಗೆ ಸೇರುವ ಚೂರನ್ನು ಮಾತ್ರ ತೆಗೆದುಕೊಂಡು, ಅದನ್ನು ಸಮುದ್ರದ ಕೆಸರಿನ ಜೊತೆ ಹೋಲಿಸಿದ್ದು. ಪ್ರಬಂಧ ಬರೆದವರು ಇದನ್ನು ಮುಚ್ಚಿಟ್ಟಿರಲಿಲ್ಲ. ಮುಂದೆ ಬಾಯಿಂದ ಬಾಯಿಗೆ ಹೋಗುವಾಗ "ಮಣ್ಣು" ಅನ್ನೋ ಪದ ಉದುರಿತು, "ಕಾಡಿಗಿಂತ" ಅಂತ ಉಳೀತು. ನಿಮ್ಮ ಪೋಸ್ಟರಿನಲ್ಲಿ ಆ ಒಂದು ಪದ ವಾಪಸ್ ಸೇರಿಸಿದರೆ ಅರ್ಧ ಕೆಲಸ ಮುಗೀತು.

ಉಳಿದರ್ಧ ಸ್ವಲ್ಪ ಉದ್ದ ಇದೆ.

ಕಡಲಹುಲ್ಲು ಪಾಚಿಯಲ್ಲ. ಅದಕ್ಕೆ ಬೇರಿದೆ, ಹೂ ಬಿಡುತ್ತೆ, ಬೀಜ ಕಟ್ಟುತ್ತೆ. ನೆಲದ ಮೇಲಿದ್ದ ಗಿಡಗಳ ಒಂದು ಪಂಗಡ ಬಹಳ ಹಿಂದೆ, ಡೈನೋಸಾರ್‌ಗಳ ಕಾಲದಲ್ಲೇ, ಮತ್ತೆ ಉಪ್ಪುನೀರಿಗೆ ಇಳಿದು ಅಲ್ಲೇ ಬಾಳು ಕಟ್ಟಿಕೊಂಡಿತು. ಜಗತ್ತಿನಲ್ಲಿ ಒಟ್ಟು ಸುಮಾರು 70 ಜಾತಿ, ಭಾರತದಲ್ಲಿ ಸುಮಾರು 15. ನಮ್ಮಲ್ಲಿ ಇವು ಚೆನ್ನಾಗಿರುವ ಜಾಗ ಅಂದ್ರೆ ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್, ಕಚ್ ಕೊಲ್ಲಿ, ಒಡಿಶಾದ ಚಿಲಿಕಾ ಸರೋವರ. ಎಲ್ಲ ಸೇರಿ ಸುಮಾರು 500 ಚದರ ಕಿಲೋಮೀಟರ್. ಹ್ಯಾಲೊಫಿಲಾ ಅನ್ನೋ ಜಾತಿಯ ಎಲೆ ಬೆರಳ ತುದಿಯಷ್ಟು. ಎನ್‌ಹ್ಯಾಲಸ್ ಅನ್ನೋದು ಪಟ್ಟಿಯ ಹಾಗೆ ಒಂದು ಮೀಟರ್ ದಾಟಿ ಬೆಳೆಯುತ್ತೆ, ಅದರ ಗೆಡ್ಡೆಯ ಮೇಲೆ ಗಟ್ಟಿ ಕಪ್ಪು ನಾರು ಇರುತ್ತೆ. ಎರಡನ್ನೂ ಕಡಲಹುಲ್ಲು ಅಂತಲೇ ಕರೀತೀವಿ, ಆದರೆ ಕಾರ್ಬನ್ ವಿಚಾರದಲ್ಲಿ ಎರಡಕ್ಕೂ ಬಹಳ ಅಂತರ ಇದೆ.

ಇದು ಕೆಸರಿನಲ್ಲಿ ಕಾರ್ಬನ್ ಹೂಳುವ ರೀತಿ ನಿಜಕ್ಕೂ ಸೊಗಸು. ಬೆಳೆದು ನಿಂತ ತೊಗರಿ ಹೊಲದೊಳಗೆ ಹೊಕ್ಕರೆ ಗಾಳಿ ಹೇಗೆ ತಗ್ಗುತ್ತೋ, ಹಾಗೆ ಈ ಎಲೆಗಳ ನಡುವೆ ನೀರಿನ ಓಟ ತಗ್ಗುತ್ತೆ. ನೀರು ನಿಧಾನವಾದರೆ ಅದರಲ್ಲಿ ತೇಲುತ್ತಿದ್ದ ಮಣ್ಣಿನ ಕಣ, ಸತ್ತ ಪಾಚಿ, ಎಲ್ಲಿಂದಲೋ ಬಂದ ಎಲೆಚೂರು ಎಲ್ಲ ತಳಕ್ಕೆ ಕೂರುತ್ತೆ. ಕೂತದ್ದನ್ನು ಬೇರು, ಗೆಡ್ಡೆಗಳು ಹಿಡಿದಿಡುತ್ತವೆ. ತಳ ಮೇಲೇರಿದ ಹಾಗೆ ಹುಲ್ಲೂ ಮೇಲೇರುತ್ತೆ, ಹಳೇ ಬೇರು ಕೆಳಗೇ ಉಳಿಯುತ್ತೆ. ಕೆಳಗೆ ಆಮ್ಲಜನಕ ಇಲ್ಲ. ಮೇಲಿನ ಕೆಲವು ಮಿಲಿಮೀಟರ್ ಬಿಟ್ಟರೆ ಕೆಸರಿಗೆ ಉಸಿರೇ ಇಲ್ಲ ಅನ್ನಬಹುದು. ಹಾಗಾಗಿ ಕೊಳೆಯೋದು ಬಹಳ ನಿಧಾನ, ನೂರಾರು ವರ್ಷ ಹಿಡಿಯಬಹುದು, ಕೆಲವು ಕಡೆ ಸಾವಿರಾರು.

ನಾವು ಅದನ್ನು ಅಳೆಯೋದು ಹೇಗೆ ಅಂತಲೂ ಹೇಳ್ತೀನಿ, ಮಕ್ಕಳಿಗೆ ಇಷ್ಟವಾಗುತ್ತೆ. ಪಾಕ್ ಕೊಲ್ಲಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು, ಬಾಯಿ ಚೂಪು ಮಾಡಿದ ಪಿವಿಸಿ ಪೈಪನ್ನು ಹುಲ್ಲಿನ ನಡುವೆ ಸುತ್ತಿಗೆಯಿಂದ ಬಡಿದು ಇಳಿಸ್ತೀವಿ. ಮೊದಲು ಸುಲಭವಾಗಿ ಹೋಗುತ್ತೆ, ಆಮೇಲೆ ಗೆಡ್ಡೆಯ ಜಾಲ ತಡೆಯುತ್ತೆ, ಪ್ರತಿ ಏಟಿಗೆ ಅರ್ಧ ಬೆರಳಷ್ಟೇ ಇಳಿಯುತ್ತೆ. ಮೇಲಿನ ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿ ಎಳೆದರೆ ಕೆಸರಿನ ಕಂಬ ಪೈಪಿನೊಳಗೇ ಬರುತ್ತೆ. ಅದನ್ನು ಉದ್ದಕ್ಕೆ ಸೀಳಿದಾಗ ಕಾಣೋದು: ಮೇಲೆ ತೆಳು ಬೂದು ಮರಳು, ಕೆಳಗೆ ಬರುಬರುತ್ತಾ ಕಪ್ಪು, ಅದರಲ್ಲಿ ಕಂದು ಬಣ್ಣದ ಗೆಡ್ಡೆ ತುಂಡುಗಳು, ಶಂಖದ ಚೂರು. ವಾಸನೆ ಮಾತ್ರ ಕೊಳೆತ ಮೊಟ್ಟೆಯದ್ದು, ಬಟ್ಟೆ ಒಗೆದರೂ ಬೇಗ ಹೋಗಲ್ಲ. ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದ್ದು. ಇದನ್ನು ನೆನಪಿಟ್ಟುಕೊಳ್ಳಿ, ಕಾಗಿಣಾ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತೆ. ಆಮೇಲೆ ಕಂಬವನ್ನು ತೆಳುವಾಗಿ ಕತ್ತರಿಸಿ, ಒಣಗಿಸಿ, ಪುಡಿ ಮಾಡಿ, ಎಷ್ಟು ಕಾರ್ಬನ್ ಇದೆ ಅಂತ ಯಂತ್ರದಲ್ಲಿ ಸುಟ್ಟು ನೋಡ್ತೀವಿ. ಪದರ ಎಷ್ಟು ಹಳೆಯದು ಅಂತ ತಿಳಿಯೋಕೆ ಸೀಸ 210 ಅನ್ನೋ ವಿಕಿರಣ ಧಾತು ಅಥವಾ ಕಾರ್ಬನ್ 14 ಅಳೀತೀವಿ.

ಎಷ್ಟು ಸಿಗುತ್ತೆ ಅಂತ ಕೇಳಿದರೆ ಎಲ್ಲರಿಗೂ ಆಶ್ಚರ್ಯ. ನೂರು ಗ್ರಾಂ ಒಣ ಕೆಸರಿನಲ್ಲಿ ಎಷ್ಟೋ ಕಡೆ ಒಂದೆರಡು ಗ್ರಾಂ ಅಷ್ಟೇ. ಇಷ್ಟಕ್ಕೇ ಇಷ್ಟು ಸದ್ದಾ ಅನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರ್, ಒಂದು ಮೀಟರ್ ಆಳ, ಅಂದ್ರೆ 10,000 ಘನ ಮೀಟರ್. ಘನ ಮೀಟರಿಗೆ ಒಣ ತೂಕ ಒಂದು ಟನ್ ಅಂತ ಇಟ್ಟುಕೊಂಡರೆ 10,000 ಟನ್ ಕೆಸರು. ಅದರಲ್ಲಿ ಶೇಕಡಾ 1 ಅಂದ್ರೆ 100 ಟನ್ ಕಾರ್ಬನ್. ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಹೇಳಬೇಕಾದರೆ 3.67ರಿಂದ ಗುಣಿಸಬೇಕು (44 ಭಾಗಿಸು 12, ನಿಮಗೆ ಗೊತ್ತಿರೋದೇ), 367 ಟನ್ ಆಯ್ತು. ಈ ಗುಣಾಕಾರ ಮರೆತು ಕಾರ್ಬನ್ ಮತ್ತು ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಒಂದೇ ಅಂತ ಬರೆಯೋದು ಪತ್ರಿಕೆಗಳಲ್ಲಿ ದಿನಾ ಕಾಣುತ್ತೆ. ಮಕ್ಕಳಿಗೆ ಇದೊಂದು ಕಲಿಸಿಬಿಡಿ.

ನಮ್ಮ ಎರೆಮಣ್ಣಿನಲ್ಲಿ ಸಾವಯವ ಕಾರ್ಬನ್ ಸಾಮಾನ್ಯವಾಗಿ ಶೇಕಡಾ ಒಂದರ ಒಳಗೇ, ಎಷ್ಟೋ ಹೊಲಗಳಲ್ಲಿ ಅರ್ಧದ ಆಸುಪಾಸು. ಅಂಕಿ ಮಾತ್ರ ನೋಡಿದರೆ ಸಮುದ್ರದ ಕೆಸರಿಗೂ ಇದಕ್ಕೂ ಆಕಾಶ ಭೂಮಿ ಅಂತರ ಇಲ್ಲ. ವ್ಯತ್ಯಾಸ ಇರೋದು ಗಾಳಿಯಲ್ಲಿ. ಬೇಸಿಗೆಯಲ್ಲಿ ಎರೆಹೊಲ ಕೈ ಹೋಗುವಷ್ಟು ಅಗಲಕ್ಕೆ ಬಿರುಕು ಬಿಡುತ್ತಲ್ಲ, ಆ ಬಿರುಕಿನಲ್ಲಿ ಗಾಳಿ ಆಳಕ್ಕೆ ಇಳಿಯುತ್ತೆ. ಕುಂಟೆ ಹೊಡೆದಾಗ, ನೇಗಿಲು ಹೂಡಿದಾಗ ಮತ್ತೆ ಗಾಳಿ. ಗಾಳಿ ಸಿಕ್ಕರೆ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಕಡಲಹುಲ್ಲಿನ ಕೆಸರಿಗೆ ಆ ಕಾಟ ಇಲ್ಲ. ಯಾರೂ ಕೆದಕದೇ ಇದ್ದರೆ ಮಾತ್ರ.

ಇಲ್ಲಿ ಇನ್ನೊಂದು ಮಾತು. ಆ ಕೆಸರಿನ ಕಾರ್ಬನ್ ಎಲ್ಲವೂ ಹುಲ್ಲಿನದ್ದಲ್ಲ. ಕಾರ್ಬನ್‌ನ ಹಗುರ ಮತ್ತು ಭಾರದ ಐಸೊಟೋಪುಗಳನ್ನು ಅಳೆದು ಅದರ ಮೂಲ ಪತ್ತೆ ಮಾಡಬಹುದು. 2010ರಲ್ಲಿ ಜಗತ್ತಿನ ಹಲವು ಕಡೆಯ ಮಾದರಿಗಳನ್ನು ಹೀಗೆ ನೋಡಿದಾಗ ಸುಮಾರು ಅರ್ಧ ಮಾತ್ರ ಹುಲ್ಲಿನದ್ದು, ಉಳಿದದ್ದು ಹೊರಗಿನಿಂದ ತೇಲಿ ಬಂದು ಸಿಕ್ಕಿಬಿದ್ದದ್ದು ಅಂತ ತಿಳೀತು. ಹುಲ್ಲು ಇಲ್ಲದಿದ್ದರೂ ಅದರಲ್ಲಿ ಒಂದಷ್ಟು ಬೇರೆ ಎಲ್ಲೋ ಹೂತುಹೋಗುತ್ತಿತ್ತು. ಅದನ್ನೂ ಹುಲ್ಲಿನ ಖಾತೆಗೇ ಜಮಾ ಮಾಡಬೇಕಾ ಅನ್ನೋದು ನಮ್ಮವರ ನಡುವೆ ಇನ್ನೂ ಮುಗಿಯದ ಜಗಳ. ನನ್ನ ಅಭಿಪ್ರಾಯ ಕೇಳಿದರೆ, ಪೂರ್ತಿ ಜಮಾ ಮಾಡೋದು ಸರಿಯಲ್ಲ.

ಉಷ್ಣವಲಯಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. 2012ರಲ್ಲಿ ಜಗತ್ತಿನ 946 ಕಡಲಹುಲ್ಲುಗಾವಲುಗಳ ಅಳತೆ ಸೇರಿಸಿ, ಇವುಗಳ ಕೆಳಗೆ ಒಟ್ಟು 420 ಕೋಟಿಯಿಂದ 840 ಕೋಟಿ ಟನ್ ಕಾರ್ಬನ್ ಇರಬಹುದು, ಗರಿಷ್ಠ ಅಂದರೆ 1,990 ಕೋಟಿ ಟನ್ ಅಂತ ಲೆಕ್ಕ ಹಾಕಿದರು. ಇದೇ ನಂತರದ ಉತ್ಸಾಹಕ್ಕೆಲ್ಲ ಬೀಜ. ಆದರೆ ಅದರಲ್ಲಿ ಅತಿ ಹೆಚ್ಚಿನ ಅಂಕಿಗಳು ಬಂದದ್ದು ಮೆಡಿಟರೇನಿಯನ್ ಸಮುದ್ರದ ಪೊಸಿಡೋನಿಯಾ ಅನ್ನೋ ಜಾತಿಯಿಂದ. ಅದರ ಗೆಡ್ಡೆ ದಪ್ಪ, ಬೆಳೆಯೋದು ನಿಧಾನ, ಕೊಳೆಯೋದು ಇನ್ನೂ ನಿಧಾನ, ಕೆಲವು ಕಡೆ ಹಲವು ಮೀಟರ್ ದಪ್ಪದ ಗೆಡ್ಡೆಹಾಸೇ ಕಟ್ಟಿಕೊಂಡಿರುತ್ತೆ. ನಮ್ಮ ಬಿಸಿ ನೀರಿನ ಜಾತಿಗಳು ಹಾಗಲ್ಲ. ಬೇಗ ಬೆಳೀತವೆ, ಬೇಗ ಕೊಳೀತವೆ, ಆಮೆ, ಕಡಲಹಸು (ಡುಗಾಂಗ್ ಅನ್ನೋ ಸಮುದ್ರದ ಸಸ್ತನಿ), ಮೀನು ಬಂದು ಮೇಯ್ತವೆ. ಮೆಡಿಟರೇನಿಯನ್‌ನ ಅಂಕಿ ತಂದು ರಾಮೇಶ್ವರದ ಕಡಲಿಗೆ ಅಂಟಿಸಿದರೆ ಲೆಕ್ಕ ತಪ್ಪುತ್ತೆ.

ಈಗ ನಿಮ್ಮೂರಿನ ಕಲ್ಲಿಗೆ ಬರ್ತೀನಿ. ನಿಮ್ಮ ಶಾಲೆಯ ನೆಲಕ್ಕೆ ಹಾಸಿರೋದು ಬಹುಶಃ ಶಹಾಬಾದ್ ಪರಸಿ ಕಲ್ಲೇ. ಒಂದು ಒಡೆದ ಚೂರನ್ನು ಬಯಲಿಗೆ ತನ್ನಿ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಎರಡು ಹನಿ ನೀವೇ ಹಾಕಿ, ಮಕ್ಕಳನ್ನು ದೂರ ನಿಲ್ಲಿಸಿ, ಕಣ್ಣಿಗೆ ಹಾರದ ಹಾಗೆ ನೋಡಿಕೊಳ್ಳಿ. ಬುಸ್ ಅಂತ ನೊರೆ ಬರುತ್ತೆ. ಆ ನೊರೆಯೊಳಗಿನ ಗಾಳಿ ಕಾರ್ಬನ್ ಡೈಆಕ್ಸೈಡ್. ಭೂಮಿಯ ಮೇಲೆ ಗಿಡಮರ ಅನ್ನೋದೇ ಹುಟ್ಟುವ ಮೊದಲು ನಮ್ಮ ಭೀಮಾ ಸೀಮೆಯಲ್ಲಿ ಆಳವಿಲ್ಲದ ಸಮುದ್ರ ಇತ್ತು, ಅದರ ತಳದಲ್ಲಿ ಕೂತ ಸುಣ್ಣವೇ ಈ ಕಲ್ಲು. ಅಂದ್ರೆ ಕಾರ್ಬನ್ ಎರಡು ರೂಪದಲ್ಲಿ ಸಮುದ್ರದ ತಳ ಸೇರುತ್ತೆ. ಒಂದು ಎಲೆ, ಬೇರುಗಳ ಸಾವಯವ ಕಾರ್ಬನ್. ಇನ್ನೊಂದು ಚಿಪ್ಪು, ಹವಳಗಳ ಸುಣ್ಣದೊಳಗಿನ ಕಾರ್ಬನ್.

ಸುಣ್ಣದಲ್ಲೂ ಕಾರ್ಬನ್ ಸೆರೆಯಾಗಿದೆಯಲ್ಲ, ಅದೂ ಲಾಭ ತಾನೇ ಅಂತ ಮಕ್ಕಳು ಕೇಳ್ತಾರೆ. ಅಲ್ಲ. ಸಮುದ್ರದ ನೀರಿನಲ್ಲಿ ಬೈಕಾರ್ಬೊನೇಟ್ ರೂಪದಲ್ಲಿ ಕರಗಿರೋದನ್ನು ತೆಗೆದುಕೊಂಡು ಪ್ರಾಣಿ ಚಿಪ್ಪು ಕಟ್ಟುವಾಗ, ಎರಡು ಬೈಕಾರ್ಬೊನೇಟ್‌ಗಳಲ್ಲಿ ಒಂದು ಸುಣ್ಣವಾಗುತ್ತೆ, ಇನ್ನೊಂದು ಕಾರ್ಬನ್ ಡೈಆಕ್ಸೈಡ್ ಆಗಿ ನೀರಿಗೆ ಬಿಡುಗಡೆಯಾಗುತ್ತೆ. ಸಮುದ್ರದ ರಸಾಯನಶಾಸ್ತ್ರ ಒಂದಷ್ಟನ್ನು ಹೀರಿಕೊಂಡರೂ, ಒಂದು ಅಣು ಸುಣ್ಣಕ್ಕೆ ಸುಮಾರು 0.6 ಅಣುವಿನಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತೆ ಅಂತ ಲೆಕ್ಕ. ಕಡಲಹುಲ್ಲಿನ ಎಲೆ ಮೇಲೆ, ಬುಡದಲ್ಲಿ ಇಂಥ ಚಿಪ್ಪುಜೀವಿಗಳು, ಸುಣ್ಣದ ಪಾಚಿಗಳು ಧಾರಾಳವಾಗಿ ಇರ್ತವೆ. ಅಮೆರಿಕದ ಫ್ಲೋರಿಡಾ ಕೊಲ್ಲಿಯಲ್ಲಿ ಇದನ್ನು ಸರಿಯಾಗಿ ಅಳೆದು 2021ರಲ್ಲಿ ಪ್ರಕಟಿಸಿದರು. ಅಲ್ಲಿನ ಹುಲ್ಲುಗಾವಲು ಹೂಳುವ ಕಾರ್ಬನ್‌ಗಿಂತ ಸುಣ್ಣ ಕಟ್ಟುವಾಗ ಹೊರಬೀಳೋದೇ ಜಾಸ್ತಿ! ಎಲ್ಲ ಕಡೆಯೂ ಹೀಗೇ ಅಂತ ಅಲ್ಲ. ಆದರೆ ನಮ್ಮ ಲಕ್ಷದ್ವೀಪದ ಲಗೂನುಗಳ (ಹವಳದ ದಿಬ್ಬ ಸುತ್ತುವರಿದ ಆಳವಿಲ್ಲದ ಕಡಲು) ತಳ ಪೂರ್ತಿ ಹವಳದ ಮರಳೇ ಆಗಿರುವಾಗ, ಅಲ್ಲಿ ಈ ಬಾಬ್ತು ಕಳೆಯದೆ ಲಾಭ ಘೋಷಿಸೋದು ತಪ್ಪು. ಪ್ರಯೋಗಾಲಯದಲ್ಲಿ ಕೆಸರನ್ನು ಸುಡುವ ಮೊದಲು ನಾವೂ ಆ್ಯಸಿಡ್ ಹಾಕಿ ಸುಣ್ಣವನ್ನೆಲ್ಲ ಕರಗಿಸಿಬಿಡ್ತೀವಿ, ಇಲ್ಲದಿದ್ದರೆ ಸುಣ್ಣದ ಕಾರ್ಬನ್ ಸೇರಿಕೊಂಡು ಅಂಕಿ ಸುಳ್ಳು ಹೇಳುತ್ತೆ. ನಿಮ್ಮ ಪರಸಿ ಕಲ್ಲಿನ ನೊರೆಯೂ ಅದೇ ನೊರೆ.

ಆ 138 ಗ್ರಾಂ ಅಂಕಿಯ ಮೇಲೂ ತಕರಾರು ಇದೆ. 2016ರಲ್ಲಿ ಕೆನಡಾದ ಇಬ್ಬರು ವಿಜ್ಞಾನಿಗಳು ಕೇಳಿದ್ದು ಇಷ್ಟೇ: ಏಡಿ, ಸೀಗಡಿ, ಹುಳುಗಳು ಕೆಸರಿನ ಮೇಲ್ಪದರವನ್ನು ಸದಾ ಕಲಸುತ್ತಾ ಇರ್ತವೆ, ಹೀಗೆ ಕಲಸಿದ ಪದರ ಇರೋದಕ್ಕಿಂತ ಹೊಸದಾಗಿ ಕಾಣುತ್ತೆ, ಹಾಗಾಗಿ ಹೂಳುವ ವೇಗ ಜಾಸ್ತಿ ಅಂತ ತೋರುತ್ತೆ. ಜೊತೆಗೆ ಮೇಲ್ಪದರದಲ್ಲಿರೋ ಕಾರ್ಬನ್ ಎಲ್ಲ ಉಳಿಯೋದಿಲ್ಲ, ಬಹುಪಾಲು ಕೊಳೆತು ವಾಪಸ್ ಹೋಗುತ್ತೆ. ಇದನ್ನೆಲ್ಲ ತಿದ್ದಿದರೆ ವೇಗ ಬಹಳ ಕಡಿಮೆಯಾಗುತ್ತೆ ಅನ್ನೋದು ಅವರ ವಾದ. ನನಗೆ ಅದು ಒಪ್ಪಿಗೆ.

ಹಾಗಾದರೆ ಕಡಲಹುಲ್ಲು ಸುಮ್ನೆ ಹೊಗಳಿಸಿಕೊಂಡದ್ದಾ? ಇಲ್ಲ, ಸರ್. ನಾನು ಈ ಉತ್ತರ ಬರೆಯಲು ಕೂತದ್ದೇ ಇದನ್ನು ಹೇಳೋದಕ್ಕೆ. ಎಲ್ಲರೂ ತಪ್ಪು ಕಡೆ ನೋಡ್ತಾ ಇದ್ದಾರೆ. ವರ್ಷಕ್ಕೆ ಎಷ್ಟು ಹಿಡಿಯುತ್ತೆ ಅಂತ ಕೇಳ್ತಾರೆ. ಈಗಾಗಲೇ ಕೆಳಗೆ ಎಷ್ಟು ಇದೆ, ಅದು ಅಲ್ಲೇ ಉಳಿಯುತ್ತಾ ಅಂತ ಕೇಳಬೇಕು.

ಒಂದು ಅಂದಾಜು ಹಾಕೋಣ. ಭಾರತದ 500 ಚದರ ಕಿಲೋಮೀಟರಿಗೆ ಆ 138 ಗ್ರಾಂ ಅಂಕಿಯನ್ನು ಉದಾರವಾಗಿ ಒಪ್ಪಿಕೊಂಡು ಗುಣಿಸಿದರೂ ವರ್ಷಕ್ಕೆ ಸುಮಾರು 2.5 ಲಕ್ಷ ಟನ್ ಕಾರ್ಬನ್ ಡೈಆಕ್ಸೈಡ್. ನಮ್ಮ ದೇಶ ವರ್ಷಕ್ಕೆ ಹೊರಬಿಡೋದು ಸರಿಸುಮಾರು 300 ಕೋಟಿ ಟನ್. ಹತ್ತು ಸಾವಿರದಲ್ಲಿ ಒಂದು ಪಾಲೂ ಆಗಲಿಲ್ಲ. ಈಗ ಕೆಳಗಿರೋದನ್ನು ನೋಡಿ. ಮೇಲೆ ಹಾಕಿದ ಹೆಕ್ಟೇರಿಗೆ 100 ಟನ್ ಲೆಕ್ಕವನ್ನೇ ಹಿಡಿದರೆ, ಆ 50,000 ಹೆಕ್ಟೇರಿನ ಕೆಳಗೆ 50 ಲಕ್ಷ ಟನ್ ಕಾರ್ಬನ್, ಅಂದ್ರೆ 1.8 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಎಪ್ಪತ್ತು ವರ್ಷಕ್ಕೂ ಹೆಚ್ಚಿನ ಗಳಿಕೆ ಅಲ್ಲಿ ಕೂತಿದೆ. ಅದನ್ನು ಕೆದಕದೇ ಬಿಡೋದು ಮುಖ್ಯ.

ಕೆದಕಿದರೆ ಏನಾಗುತ್ತೆ ಅನ್ನೋದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಸಾಕ್ಷಿ. 2010-11ರ ಬೇಸಿಗೆಯಲ್ಲಿ ಅಲ್ಲಿ ಸಮುದ್ರಕ್ಕೇ ಬಿಸಿಗಾಳಿ ಹೊಡೆದ ಹಾಗಾಯಿತು, ನೀರು ವಾರಗಟ್ಟಲೆ ಕಾಯ್ದು ಶೇಕಡಾ 36ರಷ್ಟು ಹುಲ್ಲುಗಾವಲು ಹಾಳಾಯಿತು. ಹುಲ್ಲು ಸತ್ತ ಮೇಲೆ ಕೆಸರನ್ನು ಹಿಡಿದಿಡುವವರಿಲ್ಲ. ಅಲೆ ಅದನ್ನು ಎಬ್ಬಿಸಿತು, ಆಮ್ಲಜನಕ ಸಿಕ್ಕಿತು, ಮೂರು ವರ್ಷದಲ್ಲಿ 20 ಲಕ್ಷದಿಂದ 90 ಲಕ್ಷ ಟನ್ ಕಾರ್ಬನ್ ಡೈಆಕ್ಸೈಡ್ ಹೊರಬಂದಿರಬಹುದು ಅಂತ ಅಂದಾಜು. ಒಂದು ಬೇಸಿಗೆ ಸಾಕಾಯ್ತು. ಜಗತ್ತಿನ ಲೆಕ್ಕ ನೋಡಿದರೆ, ದಾಖಲೆ ಶುರುವಾದ 1879ರಿಂದ ಈಚೆಗೆ ಗೊತ್ತಿದ್ದ ಹುಲ್ಲುಗಾವಲುಗಳಲ್ಲಿ ಶೇಕಡಾ 29 ಮಾಯವಾಗಿದೆ ಅಂತ 2009ರ ಒಂದು ಸಮೀಕ್ಷೆ ಹೇಳಿತು.

ನಮ್ಮಲ್ಲಿ ಕೆದಕುವವರು ಯಾರು? ಪಾಕ್ ಕೊಲ್ಲಿಯಲ್ಲಿ ತಳ ಕೆರೆದುಕೊಂಡು ಹೋಗುವ ಟ್ರಾಲ್ ಬಲೆ, ದೋಣಿಯ ಲಂಗರು, ಊರಿನ ಕೊಳಚೆ, ಸೀಗಡಿ ಕೊಳಗಳ ಹೊಲಸು ನೀರು. ನೀರು ಕದಡಿದರೆ ಬೆಳಕು ತಳ ಮುಟ್ಟೋದಿಲ್ಲ, ಈ ಹುಲ್ಲಿಗೆ ಮೇಲೆ ಬೀಳುವ ಬೆಳಕಿನಲ್ಲಿ ಕನಿಷ್ಠ ಹತ್ತರಲ್ಲೊಂದು ಪಾಲಾದರೂ ಬೇಕು. ಕಾನೂನು ಇಲ್ಲ ಅಂತಲ್ಲ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಕಡಲಹುಲ್ಲು ಇರುವ ಜಾಗ ಅತಿ ಸೂಕ್ಷ್ಮ ಅಂತ ಗುರುತಾಗಿದೆ. 2022ರಲ್ಲಿ ತಮಿಳುನಾಡು ಸರ್ಕಾರ ತಂಜಾವೂರು, ಪುದುಕೋಟೆ ಜಿಲ್ಲೆಗಳ ಕಡಲಿನಲ್ಲಿ 448 ಚದರ ಕಿಲೋಮೀಟರ್ ಜಾಗವನ್ನು ಕಡಲಹಸುವಿನ ಸಂರಕ್ಷಣಾ ಮೀಸಲು ಅಂತ ಘೋಷಿಸಿತು, ದೇಶದಲ್ಲೇ ಮೊದಲನೆಯದು. ಕಡಲಹಸು ತಿನ್ನೋದೇ ಈ ಹುಲ್ಲು. ನನ್ನ ಮಟ್ಟಿಗೆ ಕಾರ್ಬನ್ ಹೆಸರಲ್ಲಿ ಆಗಿರೋ ಎಷ್ಟೋ ಘೋಷಣೆಗಳಿಗಿಂತ ಇದು ದೊಡ್ಡ ಕೆಲಸ.

ಲಕ್ಷದ್ವೀಪದ ಕಥೆ ಬೇರೆ, ನನ್ನನ್ನು ಬಹಳ ಕಾಡುವಂಥದ್ದು. ಅಲ್ಲಿ ಹುಲ್ಲು ಕಳೆದುಕೊಂಡಿರೋದು ಬಲೆಯಿಂದಲ್ಲ, ಹಸಿರು ಆಮೆಗಳಿಂದ. ರಕ್ಷಣೆ ಸಿಕ್ಕು ಆಮೆಗಳು ಹೆಚ್ಚಾದವು, ಒಳ್ಳೆಯದೇ. ಆದರೆ ಅಗತ್ತಿಯ ಲಗೂನಿನಲ್ಲಿ ಗುಂಪುಗುಂಪಾಗಿ ಮೇಯ್ದು ಹುಲ್ಲು ಬರಿದು ಮಾಡಿ, ಆಮೇಲೆ ಮುಂದಿನ ದ್ವೀಪಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಹೋದವು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ವರ್ಷಗಟ್ಟಲೆ ಇದನ್ನು ಹಿಂಬಾಲಿಸಿ ದಾಖಲಿಸಿದ್ದಾರೆ. ಹುಲ್ಲು ಹೋದ ಮೇಲೆ ಅಲ್ಲಿ ಮರಿ ಬೆಳೆಸುತ್ತಿದ್ದ ಮೀನೂ ಕಡಿಮೆಯಾಯಿತು, ಮೀನುಗಾರರಿಗೆ ಆಮೆ ಮೇಲೆ ಸಿಟ್ಟು. ಆಮೆಯನ್ನು ಕೊಲ್ಲುವಂತಿಲ್ಲ, ಕೊಲ್ಲಲೂಬಾರದು. ಹುಲ್ಲು ಮತ್ತೆ ನೆಟ್ಟರೆ ಮತ್ತೆ ಮೇಯ್ತವೆ. ಇಂಥ ಕಡೆ ಯಾರಾದರೂ ಬಂದು ಕಾರ್ಬನ್‌ಗಾಗಿ ಹುಲ್ಲು ನೆಡ್ತೀವಿ ಅಂದ್ರೆ ನಾನು ಬೇಡ ಅಂತೀನಿ.

ನೆಡೋದರ ಬಗ್ಗೆ ಪೂರ್ತಿ ನಿರಾಸೆ ಬೇಡ. ಪಾಕ್ ಕೊಲ್ಲಿಯಲ್ಲಿ ಬಿದಿರಿನ ಚೌಕಟ್ಟಿಗೆ ತೆಂಗಿನ ನಾರಿನ ಹಗ್ಗ ಬಿಗಿದು, ಹಗ್ಗದ ಎಳೆಗಳಲ್ಲಿ ಹುಲ್ಲಿನ ತುಂಡು ಸಿಕ್ಕಿಸಿ ತಳಕ್ಕೆ ಇಳಿಸ್ತಾರೆ. ಬಿದಿರು, ನಾರು ಎರಡೂ ಅಲ್ಲೇ ಕರಗಿಹೋಗ್ತವೆ, ಅಷ್ಟರಲ್ಲಿ ಬೇರು ಹಿಡಿದಿರುತ್ತೆ. ಅಮೆರಿಕದ ವರ್ಜೀನಿಯಾ ಕರಾವಳಿಯಲ್ಲಿ ಎರಡು ದಶಕದಲ್ಲಿ 7 ಕೋಟಿಗೂ ಹೆಚ್ಚು ಬೀಜ ಚೆಲ್ಲಿ, ಸುಮಾರು 3,600 ಹೆಕ್ಟೇರ್ ಹುಲ್ಲುಗಾವಲು ಬರಿಸಿದ್ದಾರೆ. ಆದರೆ ಜಗತ್ತಿನಾದ್ಯಂತ ನಡೆದ 1,786 ಪ್ರಯತ್ನಗಳನ್ನು 2016ರಲ್ಲಿ ಒಟ್ಟಿಗೆ ನೋಡಿದಾಗ ನೆಟ್ಟದ್ದರಲ್ಲಿ ಉಳಿದದ್ದು ಶೇಕಡಾ 37. ವರ್ಜೀನಿಯಾದಲ್ಲೂ ಹೊಸ ಹುಲ್ಲು ಹಳೇ ಹುಲ್ಲಿನಷ್ಟು ವೇಗವಾಗಿ ಕಾರ್ಬನ್ ಹೂಳಲು ಹನ್ನೆರಡು ವರ್ಷ ಬೇಕಾಗಬಹುದು ಅಂತ ಅಂದಾಜು. ಇರೋದನ್ನು ಕಳೆದುಕೊಂಡು ಆಮೇಲೆ ನೆಡ್ತೀವಿ ಅನ್ನೋದು ಬಹಳ ದುಬಾರಿ.

ಇನ್ನು ಕಾಗಿಣಾ. ಕಡಲಹುಲ್ಲಿಗೆ ಉಪ್ಪುನೀರು ಬೇಕು, ತಿಳಿನೀರು ಬೇಕು. ಮಳೆಗಾಲದಲ್ಲಿ ಕಾಗಿಣಾ ಕೆಂಪು ಚಹಾದ ಬಣ್ಣಕ್ಕೆ ತಿರುಗುತ್ತೆ, ಬೇಸಿಗೆಯಲ್ಲಿ ಅಲ್ಲಲ್ಲಿ ಮಡುಗಟ್ಟಿ ನಿಲ್ಲುತ್ತೆ. ಅಲ್ಲಿ ಆಗದು. ಆ ಹುಡುಗ ಬಿಡೋದಿಲ್ಲ, ಸಿಹಿನೀರಿನ ಬೇರೆ ಗಿಡ ಹಚ್ಚೋಣ ಅಂತಾನೆ. ಅಲ್ಲೇ ಆ ಕೊಳೆತ ಮೊಟ್ಟೆ ವಾಸನೆ ನೆನಪಿಸಿಕೊಳ್ಳಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತೆ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಜೋರಾಗಿ ಬೆಳೀತವೆ, ಆ ವಾಸನೆ ಅವುಗಳದ್ದೇ. ಅವು ಇರುವ ಕಡೆ ಮೀಥೇನ್ ಮಾಡುವ ಜೀವಿಗಳಿಗೆ ಊಟ ಉಳಿಯೋದು ಕಡಿಮೆ. ಕೆರೆ, ಹೊಳೆಗಳ ಸಿಹಿನೀರಿನಲ್ಲಿ ಸಲ್ಫೇಟ್ ತೀರಾ ಕಡಿಮೆ, ಹಾಗಾಗಿ ಕೆಳಗೆ ಕೊಳೆತದ್ದರಲ್ಲಿ ಒಂದು ಪಾಲು ಮೀಥೇನ್ ಆಗಿ ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತೆ. ಅಂತರಗಂಗೆ ತುಂಬಿ ಕೊಳೆತ ಕೆರೆಯ ತಳವನ್ನು ಕೋಲಿನಿಂದ ಕದಡಿ ನೋಡಿ, ಗುಳ್ಳೆ ಕಾಣುತ್ತೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತೆ. ಕಾರ್ಬನ್ ಹೂಳೋಕೆ ಹೋಗಿ ಮೀಥೇನ್ ಎಬ್ಬಿಸಿದ ಹಾಗಾಗುತ್ತೆ.

ನಮ್ಮ ನೀರು ಕಡಲಿಗೆ ಹೋಗೋದಂತೂ ಹೌದು. ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಆಂಧ್ರದಲ್ಲಿ ಬಂಗಾಳ ಕೊಲ್ಲಿಗೆ. ಬೀದರಿನ ಕಾರಂಜಾ, ಮಾಂಜ್ರಾ ನೀರು ಗೋದಾವರಿಗೆ. ಎರಡೂ ನದಿಗಳ ಮುಖಜ ಭೂಮಿಯಲ್ಲಿ ನೀರು ಕದಡಿರೋದರಿಂದ ದೊಡ್ಡ ಕಡಲಹುಲ್ಲುಗಾವಲು ಬೆಳೆಯೋದಿಲ್ಲ, ಅಲ್ಲಿರೋದು ಮ್ಯಾಂಗ್ರೋವ್. ಕಾಕಿನಾಡದ ಹತ್ತಿರದ ಕೋರಿಂಗ ಹೆಸರು ಕೇಳಿರ್ತೀರಿ. ಅದೂ ಇದೇ ಥರ ಕೆಸರಿನಲ್ಲಿ ಕಾರ್ಬನ್ ಇಡುವ ಕಾಡು. ಮ್ಯಾಂಗ್ರೋವ್ ಉಳಿಯಬೇಕಾದರೆ ಹೊಸ ಹೂಳು ಬರ್ತಾ ಇರಬೇಕು, ಈಗ ಅದರ ಬಹುಪಾಲು ಶ್ರೀಶೈಲ, ನಾಗಾರ್ಜುನಸಾಗರದಂಥ ಅಣೆಕಟ್ಟುಗಳ ಹಿಂದೆ ಕೂತುಬಿಡುತ್ತೆ.

ಗಿಡ ಹಚ್ಚೋದು ದಂಡವೇ ಅಂತ ಕೇಳಿದ್ದನಲ್ಲ. ಕಲಬುರಗಿ ಬಿಸಿಲಿನಲ್ಲಿ ಬೇವಿನ ಗಿಡದ ಬೆಲೆಯನ್ನು ಕಾರ್ಬನ್‌ನಲ್ಲಿ ಅಳೆಯೋದೇ ತಪ್ಪು. 43 ಡಿಗ್ರಿ ಮಧ್ಯಾಹ್ನ ಅದರ ನೆರಳಿನಲ್ಲಿ ನಿಂತರೆ ಸಾಕು. ಹೊಲದ ಮಣ್ಣಿನಲ್ಲಿ ಕಾರ್ಬನ್ ಉಳಿಸಬೇಕು ಅಂದ್ರೆ ತೊಗರಿ ಉದುರಿಸಿದ ಎಲೆ ಹೊಲದಲ್ಲೇ ಇರಲಿ, ಕಸಕಡ್ಡಿ ಬದುವಿಗೆ ತಂದು ಸುಡೋದು ನಿಲ್ಲಲಿ, ತಿಪ್ಪೆಗೊಬ್ಬರ ಹೋಗಲಿ. ಕಡಲಹುಲ್ಲಿನ ಜೊತೆ ಅದಕ್ಕೆ ಪೈಪೋಟಿ ಇಲ್ಲ.

ಆದರೆ ನಿಮ್ಮ ತಾಲ್ಲೂಕಿನಲ್ಲಿ ಪೋಸ್ಟರಿಗೆ ಇದಕ್ಕಿಂತ ಒಳ್ಳೇ ಲೆಕ್ಕ ಇದೆ, ಅದನ್ನು ಮಕ್ಕಳ ಕೈಯಲ್ಲಿ ಮಾಡಿಸಿ. ಸುಣ್ಣದ ಕಲ್ಲಿನ ತೂಕದಲ್ಲಿ ಶೇಕಡಾ 44 ಕಾರ್ಬನ್ ಡೈಆಕ್ಸೈಡ್. ಸಿಮೆಂಟಿಗಾಗಿ ಒಂದು ಟನ್ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಕಲ್ಲಿನಿಂದಲೇ 440 ಕೆಜಿ ಹೊರಬರುತ್ತೆ, ಕಲ್ಲಿದ್ದಲಿನ ಹೊಗೆ ಬೇರೆ. ಚದರ ಮೀಟರ್ ಕಡಲಹುಲ್ಲು ವರ್ಷಕ್ಕೆ 138 ಗ್ರಾಂ ಕಾರ್ಬನ್ ಹೂಳುತ್ತೆ ಅಂತ ಒಪ್ಪಿದರೆ, ಅದು 506 ಗ್ರಾಂ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಅಂದ್ರೆ ಒಂದು ಟನ್ ಕಲ್ಲಿಗೆ ಸುಮಾರು 870 ಚದರ ಮೀಟರ್, ಎಂಟೂವರೆ ಗುಂಟೆ ಕಡಲಹುಲ್ಲು ಇಡೀ ವರ್ಷ ಕೆಲಸ ಮಾಡಬೇಕು. ವಾಡಿ ಕಡೆ ಗಣಿಯಿಂದ ಬರುವ, 20 ಟನ್ ಕಲ್ಲು ಹೊತ್ತ ಒಂದೇ ಒಂದು ಟಿಪ್ಪರಿಗೆ ನಾಲ್ಕೂಕಾಲು ಎಕರೆಗಿಂತ ಸ್ವಲ್ಪ ಜಾಸ್ತಿ. ಇದು ಉದಾರ ಅಂಕಿಯ ಲೆಕ್ಕ. ಕೆನಡಾದವರ ತಕರಾರು ನೆನೆದು 138ನ್ನು ಅರ್ಧ ಮಾಡಿ ಮತ್ತೆ ಮಾಡಿಸಿ, ಎಂಟೂವರೆ ಎಕರೆ ದಾಟುತ್ತೆ. ಶಾಲೆ ಮುಂದೆ ದಿನಕ್ಕೆ ಎಷ್ಟು ಟಿಪ್ಪರ್ ಹೋಗ್ತವೆ ಅನ್ನೋದನ್ನು ಆ ಹುಡುಗನೇ ಎಣಿಸಲಿ.